ಹಾಡುಗಾರ ಕಟ್ಟುವ ವರ್ಷಾಸನ

ಹಿಂದೆ ಅರಸರು ಹಾಡುಗಾರರಿಗೆ ವರ್ಷಾಸನ ಕೊಡುತ್ತಿದ್ದರು. ಈಗ ಪದ್ಧತಿ ಸುಧಾರಿಸಿದೆ, ಹಾಡುಗಾರರೇ ಕಂಪನಿಗೆ ಕಟ್ಟುತ್ತಾರೆ. ಡಿಸ್ಟ್ರೋಕಿಡ್‌ನಂಥ ಹಂಚಿಕೆದಾರರಿಗೆ ವರ್ಷಕ್ಕಿಷ್ಟು ಎಂದು ತೆತ್ತರೆ ನಿಮ್ಮ ಹಾಡು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್ ಎಲ್ಲ ಕಡೆ ಸಿಗುತ್ತದೆ. ಗಳಿಕೆ ನೂರಕ್ಕೆ ನೂರು ನಿಮ್ಮದೇ. ಕಂತು ತಪ್ಪಿದರೆ ಹಾಡನ್ನು ತೆಗೆದುಹಾಕಬಹುದು. ಹಾಗಾಗದೆ ಉಳಿಯಬೇಕೆಂದರೆ ಬೇರೆ ದುಡ್ಡು. ಕಲೆ ಶಾಶ್ವತ ಎಂದವರು ಯಾರೋ, ರೇಟು ಹೇಳಿರಲಿಲ್ಲ.

ಈ ಭಾಗ್ಯ ಉತ್ತರ ಕನ್ನಡದ ಸೂಪಾ ಸೀಮೆಗೂ ಬಂತೆನ್ನಿ. ಹಳೇ ಸೂಪಾ ಪೇಟೆ ಎಲ್ಲಿ ಎಂದು ಕೇಳಬೇಡಿ, ಅದು ಕಾಳಿ ನದಿಯ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನೀರೊಳಗಿದೆ. ತಾಲ್ಲೂಕು ಕಚೇರಿ ಎಂದೋ ಜೋಯಿಡಾಕ್ಕೆ ಹೋಯಿತು. ನಾಡಿಗೆಲ್ಲ ಕರೆಂಟು ಕೊಟ್ಟ ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಹತ್ತಿ ಕೂತು, ಇಲ್ಲಿನ ಸಿದ್ದಿ ಬುಡಕಟ್ಟಿನವರು ಡೋಲು ಬಡಿದು ಕುಣಿಯುವ ದಮಾಮಿಯ ಹಾಡೊಂದನ್ನು ಅಪ್‌ಲೋಡ್ ಮಾಡಲು ಶುರುಮಾಡಿದಿರಿ ಎಂದಿಟ್ಟುಕೊಳ್ಳಿ.

ಮೊದಲು ಫಾರ್ಮು. ಹಾಡು ಬರೆದವರ ಪೂರ್ಣ ಹೆಸರು, ದಾಖಲೆಯಲ್ಲಿ ಇರುವಂತೆ. ಅಜ್ಜಿಗೆ ಅವಳ ಅಜ್ಜಿ ಹೇಳಿಕೊಟ್ಟ ಹಾಡು ಮಾರಾಯ್ರೆ, ಇನ್ನು ಆ ಮುತ್ತಜ್ಜಿಯ ಆಧಾರ್ ಹುಡುಕಬೇಕು. ಮುಂದಿನ ಕಲಂ ಭಾಷೆ. ಮನೆಯಲ್ಲಿ ಆಡುವುದು ಕೊಂಕಣಿ, ಮರಾಠಿ, ಕನ್ನಡ ಕಲೆತ ಮಾತು. ಪಟ್ಟಿಯಲ್ಲಿ ಆರಿಸಬೇಕಾದ್ದು ಒಂದು. ಆಮೇಲೆ ಸಂಗೀತದ ಪ್ರಕಾರ: ವರ್ಲ್ಡ್. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾದ ಜನ ಇಲ್ಲಿ ಒಂದೇ ಒತ್ತಿಗೆ ವಿಶ್ವಕ್ಕೆ ಸೇರಿಬಿಟ್ಟರು. ಯಾರ ಕೈಗೂ ಸಿಗದಂತೆ ಹಾಡನ್ನು ಇಡಲು ಇದಕ್ಕಿಂತ ಭದ್ರವಾದ ಜಾಗವಿಲ್ಲ.

ಇನ್ನು ದುಡ್ಡಿನ ಮಾತು. ಕೇಳುಗ 30 ಸೆಕೆಂಡು ತಾಳಿದರೆ ಸ್ಪಾಟಿಫೈ ಅದನ್ನು ಒಂದು ಸಲ ಕೇಳಿದ ಲೆಕ್ಕಕ್ಕೆ ಹಿಡಿಯುತ್ತದೆ. ದಮಾಮಿಗೆ ಕಾವೇರುವುದು ರಾತ್ರಿ ಬೆಳೆದ ಮೇಲೆ. 30 ಸೆಕೆಂಡಿನಲ್ಲಿ ಹೆಚ್ಚೆಂದರೆ ಕವಳ ಉಗುಳಿ ಬರಬಹುದು. 2024ರಿಂದ ಇನ್ನೊಂದು ಕಟ್ಟಳೆ ಬಂದಿದೆ. ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಇಲ್ಲ. 999 ಆಯಿತೇ? ಸಂತೋಷ. ಆ ಪಾಲು ಸಾವಿರ ದಾಟಿದವರ ನಡುವೆ ಹಂಚಿಹೋಗುತ್ತದೆ. ಜೋಯಿಡಾದ ಹಾಡುಗಾರ್ತಿ ಹೀಗೆ ತನಗೆ ತಿಳಿಯದೆಯೇ ಮುಂಬೈ, ನ್ಯೂಯಾರ್ಕಿನ ತಾರೆಗಳ ಪೋಷಕಿಯಾಗುತ್ತಾಳೆ. ಸನ್ಮಾನದ ಶಾಲು ಅವರೇ ಕಳಿಸಬೇಕಿತ್ತು.

ಹಾಗಾದರೆ ಕೇರಿಯವರೇ ಫೋನು ಹಚ್ಚಿಟ್ಟು ಹಗಲು ರಾತ್ರಿ ಕೇಳಿ ಸಾವಿರ ಮುಟ್ಟಿಸಬಾರದೇ? ಕೇಳುವ ತಲೆಗಳು ಬೇರೆಬೇರೆ ಇವೆಯೇ ಎಂದೂ ಸ್ಪಾಟಿಫೈನವರು ಎಣಿಸುತ್ತಾರೆ. ಕೃತಕವಾಗಿ ಕೇಳಿಸಿದ್ದೆಂದು ಯಂತ್ರಕ್ಕೆ ಕಂಡರೆ ಹಾಡಿಗಿಷ್ಟು ಎಂದು ಹಂಚಿಕೆದಾರನಿಗೆ ದಂಡ, ಅವನು ಅದನ್ನು ಹಾಡಿದವರ ತಲೆಗೆ ದಾಟಿಸಬಹುದು. ಈ ಕಾಡಿನಲ್ಲಿ ಸೌದೆಗೆ, ಬಿದಿರಿಗೆ ದಂಡ ಕಟ್ಟಿದವರಿದ್ದಾರೆ. ತಮ್ಮ ಹಾಡನ್ನು ತಾವೇ ಕೇಳಿದ್ದಕ್ಕೆ ರಸೀದಿ ಹರಿಸಿಕೊಳ್ಳುವುದು ಇದೇ ಮೊದಲು.