ಎಂಸಿಬಿಯ ಬಾಯಿ ಮುಚ್ಚಿಸಿದ ಮನೆ ಮಾಲೀಕರಿಗೆ

ಮೂರಂತಸ್ತಿನ ಬಾಡಿಗೆ ಮನೆಯ ಓನರ್ ಸಾಹೇಬರಿಗೆ, ನಿಮ್ಮದೇ ಏರಿಯಾದ ವೈರ್‌ಮನ್ ಮಾಡುವ ನಮಸ್ಕಾರಗಳು.

ಸ್ವಾಮಿ, ನನ್ನ ಕೊಟೇಷನ್ ಪಕ್ಕಕ್ಕಿಟ್ಟು ಅರ್ಧ ರೇಟಿಗೆ ಒಪ್ಪಿದ ಹುಡುಗನಿಗೆ ಕೆಲಸ ಕೊಟ್ಟಿರಿ. ಕೋಪವಿಲ್ಲ. ಅವನು ಬೆಳಿಗ್ಗೆ ನಲ್ಲಿ, ಮಧ್ಯಾಹ್ನ ವೈರಿಂಗ್, ಸಂಜೆ ಗ್ಯಾಸ್ ಒಲೆ ಎಲ್ಲವನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ಮುಗಿಸುವ ಸಕಲಕಲಾವಲ್ಲಭ. ನಾನು ಒಂದೇ ಕಸುಬಿಗೆ ಅಂಟಿಕೊಂಡ ದಡ್ಡ. ಅವನ ಆಧಾರ್ ಕಾರ್ಡಿನ ಜೆರಾಕ್ಸ್ ಇಸ್ಕೊಂಡಿರಂತೆ. ಒಳ್ಳೆಯದೇ, ಬೀರುವಿನಲ್ಲಿ ಒಡವೆ ಇದೆ. ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇದೆಯೇ ಎಂದು ಮಾತ್ರ ಕೇಳಲಿಲ್ಲ. ಗೋಡೆಯೊಳಗಿನ ವೈರನ್ನು ಯಾರು ಕದಿಯುತ್ತಾರೆ, ಬಿಡಿ.

ಮೊದಲ ಮಹಡಿಯ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಪದೇಪದೇ ಬೀಳುವುದು ನಿಮಗೆ ದೊಡ್ಡ ತಲೆನೋವಾಗಿತ್ತು. ಲೈಟು-ಫ್ಯಾನಿಗೆಂದು ಎಳೆದ ಒಂದೂವರೆ ಸ್ಕ್ವೇರ್ ವೈರಿನ ಮೇಲೆ ಬಾಡಿಗೆಯವರು 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಹಾಕಿಕೊಂಡು, ಅದೇ ಲೈನಿನಲ್ಲಿ 2000 ವ್ಯಾಟಿನ ಇಂಡಕ್ಷನ್ ಒಲೆಯಲ್ಲಿ ಕಾಫಿ ಕಾಸುತ್ತಾರೆ. ಒಟ್ಟು ಸುಮಾರು 22 ಆಂಪಿಯರ್. 10 ಆಂಪಿನ ಎಂಸಿಬಿ ಬೀಳದೆ ಇನ್ನೇನು ಮಾಡೀತು? ಗೀಸರಿಗೆ ಬೇರೆಯೇ 4 ಸ್ಕ್ವೇರ್ ಲೈನ್ ಎಳೆಯಬೇಕು ಅಂದೆ. ಹೊಸ ಪೇಂಟ್ ಹಾಳಾಗುತ್ತದೆ ಅಂದಿರಿ. ನಿಮ್ಮ ಹುಡುಗ ನೀವು ಕೊಟ್ಟ ಕಾಫಿ ಆರುವಷ್ಟರಲ್ಲಿ 10 ಕಿತ್ತು 32 ಕೂರಿಸಿದ. ಈಗ ಅದು ಬೀಳುವುದೇ ಇಲ್ಲ, ಮನೆಯಲ್ಲಿ ಪರಮಶಾಂತಿ. ವೈರ್ ಮಾತ್ರ ಪೈಪಿನೊಳಗೆ ದಿನಾ ಬೇಯುತ್ತಿದೆ, ಇನ್ಸುಲೇಷನ್ ಮೆತ್ತಗಾಗುತ್ತಿದೆ. ಪೇಂಟ್ ಬಹಳ ಚೆನ್ನಾಗಿ ಕಾಣುತ್ತಿದೆ.

ಪಕ್ಕದ ಆರ್‌ಸಿಸಿಬಿಯನ್ನೂ ಬೈಪಾಸ್ ಮಾಡಿಸಿದಿರಿ. ಮಳೆಗಾಲದಲ್ಲಿ ಬೀಳುತ್ತದೆ ಎಂಬುದೇ ಅದರ ಅಪರಾಧ. 30 ಮಿಲಿಆಂಪ್ ಕರೆಂಟು ಒದ್ದೆ ಗೋಡೆಗೋ, ಗೀಸರ್ ಮುಟ್ಟಿದ ಮಗುವಿನ ಮೈಗೋ ಸೋರಿದರೆ ಸಾಕು, ಲೈನ್ ಕತ್ತರಿಸಿಬಿಡುತ್ತದೆ. ಇಂಥ ಚಾಡಿಕೋರನನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ ಹೇಳಿ!

ಗ್ಯಾಸು ನನ್ನ ಕೆಲಸವಲ್ಲ, ಆದರೂ ಕಣ್ಣಿಗೆ ಬಿತ್ತು. ಸಿಲಿಂಡರ್ ಕಂಡರೆ ಮಾಡ್ಯುಲರ್ ಕಿಚನ್‌ನ ಮರ್ಯಾದೆ ಹೋಗುತ್ತದೆಂದು ಗಾಳಿಯಾಡದ ಕಪಾಟಿನಲ್ಲಿ ಮುಚ್ಚಿದ್ದೀರಿ. ಐದು ವರ್ಷಕ್ಕೆ ಬದಲಿಸಬೇಕಾದ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಉದ್ದ ಸಾಲದೆ ಹೋದಾಗ ಹುಡುಗ ತುಂಡು ಸೇರಿಸಿ ಕ್ಲಾಂಪ್ ಬಿಗಿದಿದ್ದಾನೆ. ವಾಸನೆ ಬಂದರೆ ಎಗ್ಸಾಸ್ಟ್ ಫ್ಯಾನ್ ಹಾಕಿ ಎಂದು ಮೇಡಂಗೆ ಉಪದೇಶ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಸ್ವಿಚ್ಚಿನ ಒಂದು ಕಿಡಿಗೆ ಕಾಯುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ ಎನ್ನುವುದು ನನ್ನಂಥ ಹಳೇ ಕಾಲದವರ ಸಲಹೆ. ಸ್ವಿಚ್ ಮುಟ್ಟಲೇಬೇಡಿ.

ಮೆಟ್ಟಿಲ ಕೆಳಗಿನ ಜಾಗವನ್ನು ನೀವು ಬಳಸಿಕೊಂಡ ರೀತಿಗೆ ಪ್ರಶಸ್ತಿ ಕೊಡಬೇಕು. ಮೂರೂ ಮನೆಯ ಮೀಟರ್ ಬೋರ್ಡು, ಅದರ ಕೆಳಗೆ ಹಳೇ ಪೇಪರಿನ ಕಟ್ಟು, ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ರಾತ್ರಿಯಿಡೀ ಚಾರ್ಜ್ ಆಗುವ ಸ್ಕೂಟರು. ಮೇಲಿನವರು ಇಳಿಯಲು ಇರುವುದು ಅದೊಂದೇ ದಾರಿ. ಹೊಗೆ ಏರಲೂ ಅದೇ ದಾರಿ. ಟೆರೇಸಿನ ಬಾಗಿಲಿಗೆ ಬೀಗ, ಕೀಲಿ ನಿಮ್ಮ ಸೊಂಟದಲ್ಲಿ. 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಹೋದರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. ಅದು ಆಫೀಸುಗಳ ಕಟ್ಟಡ, ನಿಮ್ಮದು ಮನೆ, ನಿಮಗೇನು ಸಂಬಂಧ ಅನ್ನಬಹುದು. ಹೊಗೆ ಎರಡು ಕಡೆಯೂ ಒಂದೇ ಥರ ಕೆಲಸ ಮಾಡುತ್ತದೆ, ಸ್ವಾಮಿ.

ನೀವು ಏನೂ ಖರ್ಚು ಮಾಡಿಲ್ಲ ಎಂದರೆ ತಪ್ಪಾದೀತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದನ್ನು ತಂದು ಆಯುಧಪೂಜೆಗೆ ವಿಭೂತಿ-ಕುಂಕುಮ ಬಳಿದು, ಹೂ ಮುಡಿಸಿ, ಷೋಕೇಸಿನ ಹಿಂದೆ ಇಟ್ಟಿದ್ದೀರಿ. ಗೇಜಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಬಂದಿದೆ. ಕುಂಕುಮ ಇಟ್ಟಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಗೊಂದು ವ್ಯವಹಾರದ ಮಾತು. ಅಂದು ನೋಡಿ ಹೋದದ್ದಕ್ಕೆ ವಿಸಿಟಿಂಗ್ ಚಾರ್ಜು 300 ರೂಪಾಯಿ ಬಾಕಿ ಇದೆ. ಬಂದು ತೆಗೆದುಕೊಳ್ಳುತ್ತೇನೆ. ದಯವಿಟ್ಟು ಮೀಟರ್ ಬೋರ್ಡಿನ ಮೇಲೆ ಇಟ್ಟು ಹೋಗಬೇಡಿ, ನೋಟು ಕಾಗದದ್ದು.

ಇಂತಿ,
ರೇಟು ಜಾಸ್ತಿಯಾದ ವೈರ್‌ಮನ್