ಅಂಜೂರ-ನಿಷ್ಕ್ರಮಣ ಮೀಮಾಂಸೆ

ಷೋಡಶ ಸಂಸ್ಕಾರಗಳಲ್ಲಿ ನಿಷ್ಕ್ರಮಣವೆಂಬುದೊಂದುಂಟು: ಒಳಮನೆಯಲ್ಲಿ ಬೆಳೆದ ಕೂಸನ್ನು ನಾಲ್ಕನೆಯ ತಿಂಗಳಲ್ಲಿ ಹೊಸಿಲು ದಾಟಿಸಿ ಸೂರ್ಯದರ್ಶನ ಮಾಡಿಸತಕ್ಕದ್ದು. ಮನುಷ್ಯಶಿಶುವಿನ ವಿಷಯದಲ್ಲಿ ಇಷ್ಟು ಜಾಗರೂಕರಾದ ಗೃಹ್ಯಸೂತ್ರಕಾರರು, ಪ್ಲಾಸ್ಟಿಕ್ ಲೋಟದಲ್ಲಿ ಬೇರುಬಿಟ್ಟ ಅಂಜೂರದ ಕಡ್ಡಿಯನ್ನು ತಾರಸಿಗೆ ಒಯ್ಯುವ ಮುಹೂರ್ತವನ್ನು ಕುರಿತು ಒಂದಕ್ಷರವನ್ನೂ ನುಡಿಯದೆ ಹೋದುದು ನಮ್ಮ ವಾಙ್ಮಯದ ದೊಡ್ಡ ಕೊರತೆಯೆಂದೇ ಹೇಳಬೇಕು.

ವಿಷಯವೇನೂ ಅರ್ವಾಚೀನವಲ್ಲ. ಜೋರ್ಡಾನ್ ಕಣಿವೆಯ ಗಿಲ್ಗಾಲಿನಲ್ಲಿ ದೊರೆತ, ಸುಮಾರು 11,400 ವರ್ಷಗಳಷ್ಟು ಹಳೆಯ, ಸುಟ್ಟು ಕರಿಕಾದ ಅಂಜೂರಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅವು ಮೊಳೆಯುವ ಬೀಜವಿಲ್ಲದ ಬಗೆಯವಾದುದರಿಂದ ಕಡ್ಡಿ ನೆಟ್ಟೇ ಬೆಳೆಸಿದವಾಗಿರಬೇಕೆಂದು 2006ರಲ್ಲಿ ವಾದಿಸಿದರು. ಬೇರೆ ವಿದ್ವಾಂಸರು, ವಿದ್ವಾಂಸರಾದ ಕಾರಣ, ಒಪ್ಪಲಿಲ್ಲ. ಆ ಪುರಾತನರು ಬೇರು ಬಂದಿತೋ ಇಲ್ಲವೋ ಎಂದು ಕಡ್ಡಿಯನ್ನು ದಿನವೂ ಕಿತ್ತು ನೋಡುತ್ತಿದ್ದರೆಂಬುದಕ್ಕೆ ಉತ್ಖನನದ ಸಾಕ್ಷ್ಯವಿಲ್ಲ. ಮನುಷ್ಯಸ್ವಭಾವದ ಸಾಕ್ಷ್ಯವಾದರೋ ಯಥೇಷ್ಟವಾಗಿದೆ.

ಇನ್ನು ಪ್ರಮಾಣವಿಚಾರ. 'ಎಲ್ಲಿ ಎಲೆಯೋ ಅಲ್ಲಿ ಬೇರು' ಎಂಬ ಅನುಮಾನವನ್ನು ನೈಯಾಯಿಕರು ಹೇತ್ವಾಭಾಸದಲ್ಲಿ ಸೇರಿಸುವರು. ಏಕೆಂದರೆ ಕಡ್ಡಿಯು ತನ್ನೊಳಗಿನ ಪೂರ್ವಸಂಚಿತವನ್ನು ವ್ಯಯಮಾಡಿ, ಬೇರಿನ ಎಳೆಯೊಂದೂ ಇಲ್ಲದೆಯೇ ಎರಡು ಮೂರು ಎಲೆಗಳನ್ನು ಬಿಚ್ಚಿ ಯಜಮಾನನನ್ನು ಮರುಳುಗೊಳಿಸಬಲ್ಲದು. ಪಾರದರ್ಶಕವಾದ ಲೋಟದ ಗೋಡೆಗೆ ಬಿಳಿಯ ಬೇರುಗಳು ಹೆಣೆದುಕೊಂಡು ನಿಂತುದನ್ನು ಕಣ್ಣಾರೆ ಕಂಡ ಪ್ರತ್ಯಕ್ಷವೊಂದೇ ಇಲ್ಲಿ ಗ್ರಾಹ್ಯ.

ಆತಪವಾದಿಗಳು ಆಕ್ಷೇಪಿಸುವರು: ಅಂಜೂರವು ಬಳ್ಳಾರಿಯ ಬಿಸಿಲನ್ನೇ ಸಹಿಸಿದ ವೃಕ್ಷ, ಬೆಂಗಳೂರಿನ ತಾರಸಿಗೆ ಅಂಜುವುದುಂಟೆ? ಇದು ಪ್ರೌಢವೃಕ್ಷದ ಗುಣವನ್ನು ಶಿಶುವಿಗೆ ಆರೋಪಿಸಿದ ದೋಷ. ತೇವ ಆರದಿರಲೆಂದು ಕಡ್ಡಿಗೆ ಮುಚ್ಚಿದ ಪ್ಲಾಸ್ಟಿಕ್ ಕವರಿನ ಒದ್ದೆಗಾಳಿಯಲ್ಲಿ ಬಿಚ್ಚಿಕೊಂಡ ಎಲೆಯ ಮೇಲ್ಪದರ ಬಲು ತೆಳು. ಅದರ ಸೂಕ್ಷ್ಮರಂಧ್ರಗಳಿಗೆ ಸಕಾಲದಲ್ಲಿ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸವೂ ಇಲ್ಲ. ಬೆಳಿಗ್ಗೆ ಹೊರಗಿಟ್ಟ ಎಲೆ ಮಧ್ಯಾಹ್ನಕ್ಕೆ ಬಿಳಿಚಿ ಸಂಜೆಗೆ ಗರಿಗರಿಯಾಗುವುದು. ಆದುದರಿಂದ ಮೊದಲು ಕವರನ್ನು ಒಳಗೇ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ಅನಂತರ ಗಾಳಿ ಬಡಿಯದ ನೆರಳಿನಲ್ಲಿ ಎರಡು ಮೂರು ದಿನ, ಆಮೇಲೆ ಎಳೆಬಿಸಿಲಿನಲ್ಲಿ ಒಂದು ಗಂಟೆ, ಹೀಗೆ ಏರಿಸುತ್ತ ಹತ್ತು ಹದಿನೈದು ದಿನಗಳಲ್ಲಿ ಸಂಸ್ಕಾರವನ್ನು ಪೂರೈಸುವುದೇ ಸಿದ್ಧಾಂತ.

ಕುಂಡಪ್ರವೇಶವನ್ನು ಅದೇ ದಿನ ಇಟ್ಟುಕೊಳ್ಳಬಾರದು. ಎರಡು ಸಂಕಟಗಳನ್ನು ಒಂದೇ ಲಗ್ನದಲ್ಲಿ ತಂದುಕೊಳ್ಳುವುದು ವಿಹಿತವಲ್ಲ. ಎಳೆಯ ಬೇರು ಮುಟ್ಟಿದರೆ ಪಟ್ಟನೆ ಮುರಿಯುವುದಾದ್ದರಿಂದ ಲೋಟವನ್ನು ಕತ್ತರಿಸಿ ಮಣ್ಣಿನ ಹೆಂಟೆಯನ್ನು ಇಡಿಯಾಗಿ ಇಳಿಸಬೇಕೇ ಹೊರತು ಕಡ್ಡಿಯ ಕೊರಳು ಹಿಡಿದು ಎಳೆಯಬಾರದು. ಕುಂಡವು ಲೋಟಕ್ಕಿಂತ ಒಂದು ಅಂತಸ್ತು ಮಾತ್ರ ದೊಡ್ಡದಿರಲಿ. ದೂರದೃಷ್ಟಿಯುಳ್ಳವರು ಒಮ್ಮೆಗೇ ಹಂಡೆಯಂಥ ಕುಂಡವನ್ನು ತರುವುದುಂಟು. ಅಷ್ಟು ಮಣ್ಣಿನ ನೀರನ್ನು ಹೀರಲಾರದೆ ಬೇರು ಕೊಳೆತು ದೂರದೃಷ್ಟಿಗೆ ಬಲಿಯಾಗುವುದು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತಳದಲ್ಲಿ ತೂತು ಇಷ್ಟಿದ್ದರೆ ಸಾಕು. ಹೆಬ್ಬೆರಳಿನಿಂದ ಮಣ್ಣನ್ನು ಅದುಮುವುದು ನಿಷಿದ್ಧ.

ಅಧಿಕಾರಿ ಯಾರು? ಸುಮ್ಮನಿರಬಲ್ಲವನು. ಹೋಗುತ್ತ ಬರುತ್ತ ಒಂದು ಚೊಂಬು ನೀರು ಸುರಿಯುವ ಕರುಣಾಳುಗಳಿರುವ ಮನೆಯಲ್ಲಿ ಈ ಶಾಸ್ತ್ರವು ಪ್ರವರ್ತಿಸದು.

ಕಡೆಯದಾಗಿ ಫಲಶ್ರುತಿ. ಮೊದಲ ವರ್ಷದ ಕಾಯನ್ನು ಗಿಡದ ಬಲಕ್ಕಾಗಿ ಚಿವುಟತಕ್ಕದ್ದು. ಮುಂದಿನ ವರ್ಷಗಳ ಹಣ್ಣಿನಲ್ಲಿ ಯಜಮಾನನಿಗೂ ಪಿಕಳಾರ ಹಕ್ಕಿಗೂ ಇರುವ ದಾಯಭಾಗದ ತಕರಾರು ಪ್ರತ್ಯೇಕ ಸಂಪುಟವನ್ನೇ ಅಪೇಕ್ಷಿಸುವುದರಿಂದ, ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.