ಸ್ಟೀಲ್ ಡಬ್ಬಿಯೊಳಗಿನ ಫಾಸ್ಟ್ಯಾಗ್

2022ರ ಜೂನ್‌ನಲ್ಲಿ ಒಂದು ವಿಡಿಯೊ ಓಡಾಡಿತ್ತು. ಕಾರಿನ ಗಾಜು ಒರೆಸುವ ಹುಡುಗ ತನ್ನ ಕೈಗಡಿಯಾರವನ್ನು ಫಾಸ್ಟ್ಯಾಗ್ ಮೇಲೆ ಸವರಿ ದುಡ್ಡು ಎಗರಿಸಿಬಿಡುತ್ತಾನೆ. ಅದು ಸುಳ್ಳು, ನೋಂದಾಯಿತ ವ್ಯಾಪಾರಿಗಳ ಹೊರತು ಯಾರೂ ಹಾಗೆ ಹಣ ಎಳೆಯಲಾಗದು ಎಂದು ಸ್ಪಷ್ಟನೆಯೂ ಬಂತು. ನಾನು ವಿಡಿಯೊ ಮೂರು ಸಲ ನೋಡಿದೆ, ಸ್ಪಷ್ಟನೆ ಓದಲಿಲ್ಲ. ಹೊಸ ಟ್ಯಾಗನ್ನು ಗಾಜಿಗೆ ಅಂಟಿಸದೆ, ಅಮ್ಮನ ಕಾಲದ ಸ್ಟೀಲಿನ ಎಲೆಅಡಿಕೆ ಡಬ್ಬಿಯೊಳಗಿಟ್ಟು ಡ್ಯಾಶ್‌ಬೋರ್ಡ್ ಮೇಲೆ ಪ್ರತಿಷ್ಠಾಪಿಸಿದೆ.

ಹಾಸನದ ದಾರಿಯ ಟೋಲ್ ಹತ್ತಿರವಾಗುತ್ತಿದ್ದಂತೆ ಹೆಂಡತಿಗೆ ಪಾಠ ಶುರುಮಾಡಿದೆ. "ಇದರಲ್ಲಿ ಬ್ಯಾಟರಿಯೇ ಇಲ್ಲ ಕಣೇ. ಮೇಲಿರೋ ಆಂಟೆನಾ ಬಿಡೋ ರೇಡಿಯೊ ಅಲೆಯಿಂದಲೇ ಚಿಪ್ಪಿಗೆ ಜೀವ. ಎದ್ದು ತನ್ನ ನಂಬರ್ ಒಪ್ಪಿಸಿ ಮತ್ತೆ ಮಲಗುತ್ತೆ. 865ರಿಂದ 867 ಮೆಗಾಹರ್ಟ್ಸ್!"

"ಡಬ್ಬಿ ಮುಚ್ಚಿದ್ರೂ ಕೇಳಿಸುತ್ತಾ ಅದಕ್ಕೆ?"

"ರೇಡಿಯೊ ಅಲೆ, ಗೋಡೇನೇ ದಾಟುತ್ತೆ."

ಗೋಡೆ ದಾಟುವ ಅಲೆ ಸ್ಟೀಲಿಗೆ ಬಡಿದು ಬಂದ ದಾರಿ ಹಿಡಿಯಿತು. ಗೇಟ್ ಏಳಲಿಲ್ಲ. ಹಿಂದಿನ ಲಾರಿ ಹಾರನ್ ಬಾರಿಸಿತು. ಗಾಬರಿಯಲ್ಲಿ ಟ್ಯಾಗನ್ನು ಅಂಗೈಗೆ ಒತ್ತಿಕೊಂಡು, ಆಶೀರ್ವಾದ ಮಾಡುವ ಸ್ವಾಮಿಗಳಂತೆ ಕಿಟಕಿಯಾಚೆ ಕೈ ಚಾಚಿದೆ. ಊಹೂಂ. ಮನುಷ್ಯನ ಮೈ ಬಹುಪಾಲು ನೀರು. ಈ ಅಲೆಗಳನ್ನು ಲೋಹ ಅಟ್ಟಿದರೆ ನೀರು ನುಂಗುತ್ತದೆ. ಅಂದರೆ ಡಬ್ಬಿಗಿಂತ ನಾನೇನೂ ಮೇಲಲ್ಲ. ಗೋದಾಮಿನಲ್ಲಿ ನೀರಿನ ಬಾಟಲಿ, ತಗಡಿನ ಡಬ್ಬಗಳಿಗೆ ಇಂಥ ಚೀಟಿ ಅಂಟಿಸುವವರ ಪಾಡೂ ಇದೇ. ಬಟ್ಟೆ ಅಂಗಡಿಯವರು ಪುಣ್ಯವಂತರು, ಅಂಗಿಗಳ ರಾಶಿಯನ್ನು ಬಿಚ್ಚದೆಯೇ ಚಕಚಕನೆ ಎಣಿಸಿಬಿಡುತ್ತಾರೆ.

ಟೋಲ್ ಹುಡುಗ ಬಂದ. "ಟ್ಯಾಗ್ ಇಲ್ಲ ಅಂದ್ರೆ ಡಬಲ್ ಸಾರ್."

"ಇದೆಯಪ್ಪ, ಕೈಯಲ್ಲೇ ಇದೆ!"

"ಓದಕ್ಕಾಗದ ಟ್ಯಾಗ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಸಾರ್."

2021ರ ಫೆಬ್ರುವರಿಯಿಂದ ಇದ್ದ ನಿಯಮ, ವಾದಿಸಲು ಬಾಯಿಲ್ಲ. ಇಮ್ಮಡಿ ಕೊಟ್ಟೆ. ಅವನು ಚಿಲ್ಲರೆ ಹುಡುಕುತ್ತಿದ್ದಾಗ ಹೆಂಡತಿ ನನ್ನ ಕೈಯಿಂದ ಟ್ಯಾಗ್ ಕಿತ್ತುಕೊಂಡು, ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಗಾಜಿಗೆ ತಾಗಿಸಿದಳು. ಗೇಟ್ ಎದ್ದಿತು. ನನ್ನ ಮೊಬೈಲು ಟಿಣ್ ಎಂದಿತು: ಹಣ ಕಡಿತ.

"ನೋಡಿದ್ಯಾ, ಯಾರೋ ಎಗರಿಸಿದ್ರು!" ಎಂದು ಕೂಗಿದೆ.

ಅವಳು ಮಾತಾಡದೆ, ಡಬ್ಬಿಯ ಮೂಲೆಯಲ್ಲಿದ್ದ ಹಳೇ ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡಳು.